ನೀರು ಬಿಟ್ಟವರು

ಪ್ರವಾಹಕ್ಕೆ ಸಿಕ್ಕಿ ವೃದ್ಧೆ ಸಾವು ಅಂತ ಪೇಪರಿನಲ್ಲಿ ಹಾಕಿದರು. ಹೆಸರನ್ನಾದರೂ ಸರಿಯಾಗಿ ಹಾಕಬೇಕಿತ್ತು. ಪಳನಿಯಮ್ಮ ಅನ್ನೋದನ್ನ ಪಾಲಾಕ್ಷಮ್ಮ ಮಾಡಿದ್ದರು. ಅವಳು ನನ್ನ ಅತ್ತೆ. ಅವಳು ಯಾವ ಪ್ರವಾಹಕ್ಕೂ ಸಿಗಲಿಲ್ಲ. ಆ ದಿನ ತುಂಗಾ ಹೊಳೆ ತನ್ನ ದಡದೊಳಗೇ ಇತ್ತು. ನಮ್ಮ ಕೇರಿಗೂ ಹೊಳೆಗೂ ಬಹಳ ದೂರ. ನೀರು ಎಲ್ಲಿಂದ ಬಂತು, ಬಿಟ್ಟವರು ಯಾರು, ನಾನು ಹೇಳ್ತೀನಿ.

ನನ್ನ ಹೆಸರು ಅಮುದಾ. ನಾವು ಭದ್ರಾವತಿಯವರು. ನನ್ನ ಗಂಡ ಕದಿರ್ವೇಲುವಿನ ತಾತ ಸೇಲಂ ಕಡೆಯಿಂದ ಕಾರ್ಖಾನೆ ಕೆಲಸಕ್ಕೆ ಬಂದು ಇಲ್ಲೇ ನಿಂತವನು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ. ವೇಲು ಕುಲುಮೆ ಹತ್ತಿರ ಗುತ್ತಿಗೆ ಕೆಲಸಕ್ಕಿದ್ದ. ಕಾರ್ಖಾನೆ ನಿಂತಿತು. ಕಾಯಂ ಇದ್ದವರು ಒಂದಿಷ್ಟು ಏನೋ ಕೈಗೆ ತಗೊಂಡು ಹೋದರು. ಗುತ್ತಿಗೆಯವರಿಗೆ ಗೇಟು ಹಾಕಿದರು, ಅಷ್ಟೆ. ನಾವಿದ್ದ ಸಾಲುಮನೆಯ ಕರೆಂಟು ಕಿತ್ತರು. ಆಮೇಲೆ ಹೆಂಚು ಕಿತ್ತರು. ಅತ್ತೆಯನ್ನೂ ಪಾತ್ರೆಗಳನ್ನೂ ಟೆಂಪೋಗೆ ಹಾಕ್ಕೊಂಡು ಶಿವಮೊಗ್ಗಕ್ಕೆ ಬಂದೆವು.

ಶಿವಮೊಗ್ಗ ಆಗ ಊದಿಕೊಳ್ತಿತ್ತು. ಸವಳಂಗ ರಸ್ತೆ ಉದ್ದಕ್ಕೂ ಗದ್ದೆಗೆ ಕಲ್ಲು ನೆಟ್ಟು ಸೈಟು ಮಾಡ್ತಿದ್ದರು. ಕಟ್ಟೋಕೆ ಜನ ಬೇಕಿತ್ತು. ಶಿಕಾರಿಪುರದ ಕಡೆಯವರು ಬಂದರು, ಬಳ್ಳಾರಿ ಕಡೆಯವರು ಬಂದರು, ನಮ್ಮಂಥ ಭದ್ರಾವತಿಯವರು ಬಂದರು. ಈ ಜನ ಎಲ್ಲಿ ಮಲಗ್ತಾರೆ, ಎಲ್ಲಿ ಚೆಂಬು ತಗೊಂಡು ಹೋಗ್ತಾರೆ ಅಂತ ಯಾರೂ ಕೇಳಲಿಲ್ಲ.

ರಸ್ತೆಯಿಂದ ಒಳಗೆ ಒಂದು ಕೆರೆ ಇತ್ತು. ಅದನ್ನು ಮುಚ್ಚಿ ಲೇಔಟ್ ಮಾಡಿದರು. ಕೆರೆ ಇಲ್ಲದಾದ ಮೇಲೆ ಪುಷ್ಕರಿಣಿ ಲೇಔಟ್ ಅಂತ ಹೆಸರಿಟ್ಟರು. ಕೆರೆಗೆ ಬರ್ತಿದ್ದ ರಾಜಕಾಲುವೆ ಸೈಟುಗಳಿಗೆ ಅಡ್ಡ ಬಂತು. ಅದನ್ನು ಬಗ್ಗಿಸಿ, ಸಣ್ಣ ಮಾಡಿ, ಲೇಔಟಿನ ಹಿಂಭಾಗಕ್ಕೆ ತಳ್ಳಿದರು. ಕಾಲುವೆಯ ಈಚೆ ಲೇಔಟು. ಆಚೆ ಒಂದು ಮಣ್ಣಿನ ಏರಿ, ಏರಿ ಇಳಿದರೆ ತಗ್ಗು. ಆ ತಗ್ಗಿನಲ್ಲಿ ನಾವು. ತಗಡು, ತಾರ್ಪಾಲು, ಹಳೇ ಫ್ಲೆಕ್ಸು, ಬಿಸಾಕಿದ ಪ್ಲೈವುಡ್ಡು. ಮನೆ ಅನ್ನುತ್ತಿದ್ದೆವು.

ಪುಷ್ಕರಿಣಿ ಲೇಔಟಿನ ಮನೆಗಳ ಮೋಲ್ಡು ನನ್ನ ತಲೆಯ ಮೇಲಿಂದ ಹೋಗಿದೆ. ಮೋಲ್ಡು ಅಂದರೆ ಮನೆಯ ತಾರಸಿ. ಶುರು ಮಾಡಿದರೆ ಮುಗಿಯೋ ತನಕ ನಿಲ್ಲಿಸೋ ಹಾಗಿಲ್ಲ. ಮಿಕ್ಸರ್ ಕಕ್ಕುತ್ತಲೇ ಇರುತ್ತೆ. ಬಾಂಡ್ಲಿ ತುಂಬಿ ಕಾಂಕ್ರೀಟು ಹೊತ್ತು ಏಣಿ ಹತ್ತಬೇಕು, ಸುರಿದು ಇಳಿಯಬೇಕು, ಮತ್ತೆ ಹತ್ತಬೇಕು. ಸಂಜೆಗೆ ಕುತ್ತಿಗೆ ತಿರುಗೋಲ್ಲ. ಸಿಮೆಂಟು ನೀರು ಹಣೆ ಮೇಲಿಂದ ಕಣ್ಣಿಗಿಳಿದು ಉರಿಯುತ್ತೆ. ನನ್ನ ನೆತ್ತಿಯಲ್ಲಿ ಕೂದಲಿಲ್ಲ. ಬೆರಳ ಸಂದಿಯಲ್ಲಿ ಚರ್ಮ ಇಲ್ಲ. ಅನ್ನ ಕಲೆಸಿದರೆ ಉಪ್ಪು ಕಚ್ಚುತ್ತೆ.

ಮಳೆಗಾಲದಲ್ಲಿ ಕಟ್ಟೋ ಕೆಲಸ ನಿಲ್ಲುತ್ತೆ. ಆಗ ಅದೇ ಮನೆಗಳಲ್ಲಿ ಕಸಮುಸುರೆಗೆ ಹೋಗ್ತಿದ್ದೆ. ರೇಣುಕಾಪ್ರಸಾದ್ ಅಂತ ಒಬ್ಬರು, ಸಿಮೆಂಟು ಕಬ್ಬಿಣದ ಅಂಗಡಿಯವರು, ಲೇಔಟಿನ ಸಂಘದ ಅಧ್ಯಕ್ಷರು. ಅವರ ಮನೆಯಲ್ಲಿ ಹೆಂಡತಿ ಮೈತ್ರಿ, ತಾಯಿ ಶಂಕರಮ್ಮ. ನನಗೆ ಅಂತ ಒಂದು ಸ್ಟೀಲ್ ಲೋಟ ಕಾಂಪೌಂಡ್ ಗೋಡೆ ಮೇಲೆ ಕವುಚಿ ಇಟ್ಟಿರುತ್ತಿದ್ದರು. ಮೈತ್ರಿ ಎತ್ತರದಿಂದ ಕಾಫಿ ಹಾಕುತ್ತಿದ್ದಳು. ನಾನು ಕುಡಿದು, ತೊಳೆದು, ಮತ್ತೆ ಕವುಚಿ ಇಡಬೇಕು. ಆ ಗೋಡೆಗೆ ಇಟ್ಟಿಗೆ ಹೊತ್ತವಳೂ ನಾನೇ.

ಅತ್ತೆಗೆ ಸಾಯೋದಕ್ಕೆ ಒಂದು ವರ್ಷ ಮುಂಚೆ ಲಕ್ವ ಹೊಡೆದಿತ್ತು. ಬಲಗಡೆ ಬಿದ್ದುಹೋಯಿತು. ಅದರ ಜೊತೆ ಕನ್ನಡವೂ ಹೋಯಿತು. ನಾಲಿಗೆ ಮೇಲೆ ಉಳಿದದ್ದು ನಾಲ್ಕಾರು ತಮಿಳು ಮಾತು. ವೇಲು ಅನ್ನೋಳು. ವಲಿ ಅನ್ನೋಳು, ಅಂದರೆ ನೋವು. ತಣ್ಣಿ ಅನ್ನೋಳು, ಅಂದರೆ ನೀರು. ನಾನು ಕೆಲಸಕ್ಕೆ ಹೋದಾಗ ಪಕ್ಕದ ಗುಡಿಸಲಿನ ಪದ್ಮಮ್ಮ ನೋಡಿಕೊಳ್ಳುತ್ತಿದ್ದಳು. ಆಕೆ ಶಿಕಾರಿಪುರದ ಕಡೆಯವಳು, ಆಕೆಗೂ ವಯಸ್ಸಾಗಿದೆ. ತಮಿಳು ಬರದಿದ್ದರೂ ತಣ್ಣಿ ಅಂದರೆ ಲೋಟ ಹಿಡ್ಕೊಂಡು ಬರೋಳು.

ಮರುವರ್ಷ ಪುನರ್ವಸು ಮಳೆ ಹಿಡಿದುಕೊಂಡಿತು. ಬಿಡಲೇ ಇಲ್ಲ. ಕಾಲುವೆ ತುಂಬಿತು. ನೀರಿಗೆ ಕೆರೆಯ ದಾರಿ ಗೊತ್ತು, ಲೇಔಟಿನ ದಾರಿ ಗೊತ್ತಿಲ್ಲ. ಅದು ಲೇಔಟಿನ ಕಡೆಗೇ ನುಗ್ಗಿತು.

ಬೆಳಿಗ್ಗೆ ತಿಂಡಿ ಹೊತ್ತಿಗೆ ರೇಣುಕಾಪ್ರಸಾದ್ ತಾವೇ ನಮ್ಮ ಕೇರಿಗೆ ಬಂದರು. ಅಲ್ಲೀವರೆಗೂ ಅವರು ಏರಿ ಇಳಿದದ್ದು ನಾನು ನೋಡಿರಲಿಲ್ಲ.

"ಎಲ್ಲಾರೂ ಬನ್ನಿ ಮಾರಾಯ್ರ. ಕಾಲುವೆ ಉಕ್ತಿದೆ. ಮರಳು ಮೂಟೆ ಜೋಡಿಸಬೇಕು. ನಮಗೂ ಒಳ್ಳೇದು, ನಿಮಗೂ ಒಳ್ಳೇದು. ಗಟ್ಟಿ ಇರೋರು ಒಬ್ಬರೂ ಮನೇಲಿ ಕೂರಬೇಡಿ."

ಗಟ್ಟಿ ಇರೋರೆಲ್ಲ ಹೋದೆವು. ಕೇರಿಯಲ್ಲಿ ಮುದುಕರು, ಮಕ್ಕಳು ಉಳಿದರು. ನಾನು ಅತ್ತೆಗೆ ಗಂಜಿ ಕುಡಿಸಿ, ಮಗ್ಗುಲು ಬದಲಿಸಿ, ಪದ್ಮಮ್ಮನಿಗೆ ಹೇಳಿ ಹೊರಟೆ.

ಟ್ರ್ಯಾಕ್ಟರಿನಲ್ಲಿ ಮರಳು ಬಂದಿತ್ತು. ಚೀಲಕ್ಕೆ ತುಂಬಿದೆವು. ಒದ್ದೆ ಮರಳಿನ ಮೂಟೆ ಹೆಣದ ಹಾಗೆ ಭಾರ. ಬೆನ್ನಿಗೆ ಹಾಕ್ಕೊಂಡು, ಕೆಸರಲ್ಲಿ ಕಾಲು ಕಿತ್ತು ಕಿತ್ತು ಇಡುತ್ತಾ, ಕಾಲುವೆ ದಂಡೆಗೆ ಒಯ್ದು ಒಂದರ ಮೇಲೊಂದು ಪೇರಿಸಿದೆವು. ಎಲ್ಲ ಲೇಔಟಿನ ಕಡೆಯ ದಂಡೆಗೆ. ಯಜ್ಞನಾರಾಯಣ ಅಂತ ರಿಟೈರ್ಡ್ ಇಂಜಿನಿಯರು ಛತ್ರಿ ಹಿಡ್ಕೊಂಡು ನಿಂತಿದ್ದರು. ಎಲ್ಲಿ ಎಷ್ಟು ಎತ್ತರ ಅಂತ ಅವರೇ ತೋರಿಸುತ್ತಿದ್ದರು. ಮೆತ್ತಗಿನ ಮಾತಿನ ಮನುಷ್ಯ. "ನಿಧಾನ ಅಮ್ಮಾ, ಜಾರುತ್ತೆ" ಅಂದರು ನನಗೆ.

ನಾನು ಮೂಟೆ ಇಳಿಸಿ ಕೇಳಿದೆ. "ಸಾರ್, ಆಚೆ ಏರಿಗೂ ಒಂದು ಸಾಲು ಹಾಕೋಣವಾ? ನಮ್ಮ ಕಡೆ ಮಣ್ಣು ತೆಳುವಾಗಿದೆ."

ಅವರು ನನ್ನನ್ನು ನೋಡಲಿಲ್ಲ. ರೇಣುಕಾಪ್ರಸಾದರನ್ನು ನೋಡಿದರು.

"ಅದೂ ಇದೆ. ಆಮೇಲೆ," ಅಂದರು ರೇಣುಕಾಪ್ರಸಾದ್. "ನೀನು ಮನೆಗೆ ಹೋಗು. ಮೈತ್ರಿ ಕರೀತಿದಾಳೆ."

ಅವರ ಮನೆಯ ಹಾಲ್‌ನಲ್ಲಿ ಪಾದ ಮುಳುಗುವಷ್ಟು ನೀರಿತ್ತು. ಪಾದ ಮುಳುಗುವಷ್ಟು, ಅಷ್ಟೆ. ಮೈತ್ರಿ ಸೀರೆ ಎತ್ತಿಕೊಂಡು ಮೆಟ್ಟಿಲ ಮೇಲೆ ನಿಂತಿದ್ದಳು. ಶಂಕರಮ್ಮನಿಗೆ ಮಂಡಿ ಆಪರೇಷನ್ ಆಗಿತ್ತು, ಹತ್ತಲಾರಳು.

"ಅತ್ತೆಯನ್ನ ಮೇಲಕ್ಕೆ ಕರ್ಕೊಂಡು ಹೋಗಬೇಕು ಅಮುದಾ. ನಿನ್ನ ಕೈಲಾದ್ರೆ ಆಗುತ್ತೆ."

ಆ ಮನೆಯೊಳಗೆ ನಾನು ಹಾಲ್ ದಾಟಿ ಹೋದದ್ದು ಅವತ್ತೇ ಮೊದಲು. ಶಂಕರಮ್ಮನನ್ನು ಬೆನ್ನಿಗೆ ಹಾಕ್ಕೊಂಡೆ. ಅವಳು ಕುತ್ತಿಗೆ ತಬ್ಬಿಕೊಂಡಳು. ಮೆಟ್ಟಿಲಲ್ಲಿ ಉಸಿರು ಸಿಕ್ಕಿಕೊಂಡಿತು. ಕಿವಿ ಹತ್ತಿರ ಕೇಳಿದಳು.

"ಯಾರ ಪೈಕಿ ನೀನು?"

"ಭದ್ರಾವತಿ ತಮಿಳ್ರು ಅಮ್ಮಾ."

"ತಮಿಳ್ರಲ್ಲಿ ಯಾರು?"

ನಾನು ಇನ್ನೊಂದು ಮೆಟ್ಟಿಲು ಹತ್ತಿದೆ. ಅವಳಿಗೆ ಗೊತ್ತಾಯಿತು.

"ಹೋಗ್ಲಿ ಬಿಡು ಮಾರಾಯ್ತಿ. ಇಂಥಾ ಹೊತ್ತಲ್ಲಿ ಅದೆಲ್ಲ ನೋಡೋಕಾಗುತ್ತಾ."

ಹಾಸಿಗೆ ಮೇಲೆ ಕೂರಿಸಿದೆ. ದಿಂಬು ಕೊಟ್ಟೆ. ಹಿಂದೆ ಬಂದ ಮೈತ್ರಿ, "ಗೀಸರ್ ಹಾಕಿದೀನಿ ಅತ್ತೆ, ಆಮೇಲೆ ಮೈಮೇಲೆ ನೀರು ಹಾಕ್ಕೊಂಡುಬಿಡಿ" ಅಂದಳು. ನಾನಲ್ಲೇ ನಿಂತಿದ್ದೆ.

ಬೆವರು ಒರೆಸಿಕೊಳ್ಳೋಕೆ ಕಿಟಕಿ ಕಡೆ ತಿರುಗಿದೆ. ಅಲ್ಲಿಂದ ಎಲ್ಲ ಕಾಣುತ್ತಿತ್ತು. ಕಾಲುವೆ, ನಾವು ಪೇರಿಸಿದ ಮೂಟೆ, ಆಚೆ ಏರಿ, ಏರಿಯ ಕೆಳಗೆ ನಮ್ಮ ತಗಡುಗಳು. ಏರಿಯ ಮೇಲೆ ಹಳದಿ ಜೆಸಿಬಿ ನಿಂತಿತ್ತು. ಕಾಲುವೆಯ ಕಸ ತೆಗೀತಾರೆ ಅಂದುಕೊಂಡೆ. ಅದು ಕೈ ಎತ್ತಿತು. ಏರಿಯ ಮೇಲೆ ಊರಿತು. ಒಂದು ಬಾಚು. ಇನ್ನೊಂದು ಬಾಚು. ಮಣ್ಣನ್ನು ಪಕ್ಕಕ್ಕೆ ಸುರಿದು ಹಿಂದೆ ಸರಿಯಿತು.

ನೀರು ಒಂದು ಗಳಿಗೆ ಯೋಚನೆ ಮಾಡಿದ ಹಾಗೆ ನಿಂತಿತು. ಆಮೇಲೆ ಇಳಿಯಿತು.

ನಾನು ಕಿರುಚಿದೆ. ಏನು ಕಿರುಚಿದೆ ಗೊತ್ತಿಲ್ಲ. ಮೆಟ್ಟಿಲು ಹಾರಿ ಹೊರಗೆ ಓಡಿದೆ. ಗೇಟಿನಲ್ಲಿ ರೇಣುಕಾಪ್ರಸಾದ್ ಕೈ ಅಡ್ಡ ಹಿಡಿದರು.

"ಏ, ಆ ಕಡೆ ಹೋಗಬೇಡ. ಈಗ ಹೋದ್ರೆ ನೀನೂ ಕೊಚ್ಕೊಂಡು ಹೋಗ್ತೀಯ."

'ನೀನೂ' ಅಂದರು. ಯಾರಾದರೂ ಕೊಚ್ಚಿಹೋಗ್ತಾರೆ ಅಂತ ಅವರಿಗೆ ಗೊತ್ತಿತ್ತು. ಕೈ ತಳ್ಳಿ ಓಡಿದೆ.

ಕೇರಿಯಲ್ಲಿ ನೀರು ಎದೆಮಟ್ಟ ಬಂದಿತ್ತು. ಮಕ್ಕಳು ರಸ್ತೆಗೆ ಹತ್ತಿ ನಿಂತು ಅಳುತ್ತಿದ್ದವು. ಕೊಡ, ಚಾಪೆ, ಚಪ್ಪಲಿ ಎಲ್ಲ ತೇಲುತ್ತಿದ್ದವು. ನಮ್ಮ ಮನೆಯ ತಗಡಿನ ಬಾಗಿಲನ್ನು ನೀರು ಒಳಗಿಂದ ಒತ್ತಿ ಹಿಡಿದಿತ್ತು. ತಗಡು ಬಗ್ಗಿಸಿ ಎಳೆದೆ. ಅಂಗೈ ಸೀಳಿತು. ವೇಲು ಬಂದ. ಇಬ್ಬರೂ ಎಳೆದೆವು.

ಅತ್ತೆ ಮಂಚದ ಮೇಲಿರಲಿಲ್ಲ. ಮೂಲೆಯಲ್ಲಿದ್ದಳು. ಸರಿಯಿದ್ದ ಎಡಗೈಯಲ್ಲಿ ಗೋಡೆಯ ಬೊಂಬನ್ನು ಹಿಡಿದುಕೊಂಡಿದ್ದಳು. ಆ ಹಿಡಿತವನ್ನು ವೇಲು ಒಂದೊಂದೇ ಬೆರಳು ಬಿಡಿಸಬೇಕಾಯಿತು.

ರಸ್ತೆ ಮೇಲೆ ಮಲಗಿಸಿದೆವು. ಪದ್ಮಮ್ಮ ಎದೆ ಬಡ್ಕೊಂಡಳು.

"ತಣ್ಣಿ ತಣ್ಣಿ ಅಂತ ಕೂಗಿದಳು ಕಣೆ ಅಮುದಾ. ಕುಡಿಯೋಕೆ ಕೇಳ್ತಾಳೆ ಅಂದ್ಕೊಂಡೆ. ಇರು ಬಂದೆ, ಮಗೂಗೆ ಅನ್ನ ಹಾಕಿ ಬಂದೆ ಅಂದೆ. ಅಷ್ಟರಲ್ಲಿ ನನ್ನ ಮನೆಗೂ ನುಗ್ತಲ್ಲೆ."

ನಾನು ಅವಳ ಕೈ ಹಿಡಿದುಕೊಂಡೆ.

ನಮ್ಮನ್ನೆಲ್ಲ ಹತ್ತಿರದ ಶಾಲೆಗೆ ತುಂಬಿದರು. ಅತ್ತೆಯನ್ನು ಮಣ್ಣು ಮಾಡಿ ಬಂದ ಮರುದಿನ ಅಲ್ಲಿಗೆ ಒಬ್ಬ ಆಫೀಸರು ಬಂದರು. ಜೊತೆಗೆ ರೇಣುಕಾಪ್ರಸಾದ್, ಯಜ್ಞನಾರಾಯಣ, ಇನ್ನೂ ಲೇಔಟಿನ ಕೆಲವರು. ಆಟೋದಲ್ಲಿ ಕಂಬಳಿ ಬಂದಿದ್ದವು. ಒಬ್ಬೊಬ್ಬರನ್ನೇ ಕರೆದು ಕಂಬಳಿ ಕೊಟ್ಟು ಫೋಟೋ ತೆಗೆಸಿಕೊಂಡರು. ಹಾಗೇ ರೇಣುಕಾಪ್ರಸಾದ್ ಹೇಳಿದರು.

"ಲೇಔಟಿನಲ್ಲಿ ಮನೆಮನೇಲೂ ಕೆಸರು ಕೂತಿದೆ. ನಾಳೆಯಿಂದ ಎಲ್ಲಾರೂ ಬನ್ನಿ. ಕೂಲಿ ಜಾಸ್ತೀನೇ ಕೊಡ್ತೀವಿ. ಕಷ್ಟದಲ್ಲಿ ಒಬ್ಬರಿಗೊಬ್ಬರು ಆಗ್ಬೇಕು."

ನನ್ನ ಸರದಿ ಬಂತು. ಅವರು ಕಂಬಳಿ ಚಾಚಿದರು. ಫೋನು ಹಿಡಿದವನು, "ಸ್ವಲ್ಪ ಈ ಕಡೆ ನೋಡಮ್ಮ" ಅಂದ.

ನಾನು ಕೈ ಚಾಚಲಿಲ್ಲ.

"ನೀರು ಬರಲಿಲ್ಲ. ನೀವು ಬಿಟ್ರಿ," ಅಂದೆ.

"ಏನಮ್ಮ?" ಅಂದರು ಆಫೀಸರು.

"ಇವರು ಜೆಸಿಬಿ ತರಿಸಿ ಏರಿ ಕಡಿಸಿದ್ರು. ನಮ್ಮ ಕೈಯಲ್ಲೇ ಅವರ ಕಡೆ ಮೂಟೆ ಹಾಕಿಸಿ, ನಮ್ಮ ಕಡೆ ಕಡಿಸಿದ್ರು. ನಾವು ಅಡ್ಡ ನಿಲ್ತೀವಿ ಅಂತ ನಮ್ಮನ್ನ ಮನೇಲಿ ಇರೋಕೆ ಬಿಡಲಿಲ್ಲ. ಇವರ ಅಮ್ಮನ್ನ ಬೆನ್ನ ಮೇಲೆ ಹೊತ್ಕೊಂಡು ಹೋಗಿ ಮಹಡೀಲಿ ಕೂರಿಸಿದೆ. ಅಲ್ಲಿಂದಾನೇ ನೋಡಿದೆ. ನನ್ನ ಅತ್ತೆ ಅಲ್ಲಿ ಮುಳುಗ್ತಿದ್ದಳು."



"ದುಃಖದಲ್ಲಿ ಏನೇನೋ ಮಾತಾಡ್ತಾಳೆ ಸಾರ್," ಅಂದರು ರೇಣುಕಾಪ್ರಸಾದ್. ಕಂಬಳಿಯನ್ನು ನನ್ನ ಹೆಗಲ ಮೇಲೆ ಹಾಕೋಕೆ ಬಂದರು. ನಾನು ಕಿತ್ತು ಅವರ ಮುಖಕ್ಕೆ ಎಸೆದೆ.

"ನಿಮ್ಮ ಕೆಸರು ನೀವು ಬಳೀರಿ. ನಾನು ಬರಲ್ಲ. ನಮ್ಮವರು ಯಾರೂ ಬರಲ್ಲ."

ಆಮೇಲೆ ಯಜ್ಞನಾರಾಯಣರ ಕಡೆ ತಿರುಗಿದೆ. "ಸಾರ್, ನೀವು ಅಲ್ಲೇ ಇದ್ರಿ. ಎಲ್ಲಿ ಕಡೀಬೇಕು ಅಂತ ಜೆಸಿಬಿಯವನಿಗೆ ತೋರಿಸಿದ್ದು ಯಾರು? ಹೇಳಿ."

ಅವರ ತುಟಿ ಅಲುಗಿತು. "ಇಲ್ಲದಿದ್ರೆ ಇಡೀ ಲೇಔಟ್ ಹೋಗ್ತಿತ್ತಮ್ಮ. ಎಲ್ಲೋ ಒಂದು ಕಡೆ ನೀರು ಬಿಡಲೇಬೇಕಾಗುತ್ತೆ..." ಅಂದರು. ರೇಣುಕಾಪ್ರಸಾದ್ ಅವರ ರಟ್ಟೆ ಹಿಡಿದು ಕಾರಿನ ಕಡೆ ನಡೆಸಿಕೊಂಡು ಹೋದರು. ಆಫೀಸರಿಗೆ ಫೋನು ಬಂತು. ಇಂಜಿನಿಯರು ಅಂದದ್ದನ್ನು ಅವರು ಕೇಳಿಸಿಕೊಳ್ಳಲಿಲ್ಲವಂತೆ.

ನಮ್ಮವರು ಯಾರೂ ಬರಲ್ಲ ಅಂದಿದ್ದೆ. ಮರುದಿನ ಬೆಳಿಗ್ಗೆ ಶಾಲೆಯಲ್ಲಿ ನಾನೂ ಪದ್ಮಮ್ಮನೂ ಉಳಿದಿದ್ದೆವು. ಮಿಕ್ಕವರು ಸನಿಕೆ ಹಿಡಿದು ಲೇಔಟಿಗೆ ಹೋದರು. ವೇಲು ಕೂಡ ಎದ್ದ.

"ನಿನ್ನ ತಾಯಿ," ಅಂದೆ.

"ಗೊತ್ತು ನನಗೆ." ಅವನು ಲುಂಗಿ ಎತ್ತಿ ಕಟ್ಟುತ್ತಿದ್ದ. "ಸಿಮೆಂಟು ಅವನ ಅಂಗಡೀದು. ಶಿವಮೊಗ್ಗದಲ್ಲಿ ಮೇಸ್ತ್ರಿಗಳೆಲ್ಲ ಅವನ ಹತ್ತಿರಾನೇ ತಗೊಳ್ಳೋದು. ಅವನು ಬೇಡ ಅಂದ್ರೆ ನನ್ನ ಯಾರು ಕರೀತಾರೆ? ಭದ್ರಾವತೀಲೂ ಗೇಟು ಹಾಕಿದ್ರು. ಇನ್ನೊಂದು ಗೇಟು ಹಾಕಿಸ್ಕೊಳ್ಳೋ ಶಕ್ತಿ ಇಲ್ಲ ಕಣೆ."

ಹೋದ. ಸಂಜೆ ಬಂದಾಗ ಅವನ ಉಗುರಲ್ಲಿ ಆ ಮನೆಗಳ ಕೆಸರಿತ್ತು. ಗೋಡೆ ಕಡೆ ಮುಖ ಮಾಡಿ ಮಲಗಿದ. ಬೆನ್ನು ಅಲುಗುತ್ತಿತ್ತು. ನಾನು ಮುಟ್ಟಲಿಲ್ಲ.

ನಾನೊಬ್ಬಳೇ ಪೊಲೀಸ್ ಸ್ಟೇಷನ್ನಿಗೆ ಹೋದೆ. ನಿಲ್ಲಿಸಿಯೇ ಕೇಳಿದರು.

"ಜೆಸಿಬಿ ಕಾಲುವೆ ಕ್ಲೀನ್ ಮಾಡೋಕೆ ಬಂದಿದ್ದು. ಏರಿ ತಾನಾಗೇ ಕುಸಿದಿದೆ. ನೀನು ಮಹಡಿಯಿಂದ ನೋಡಿದೆ ಅಂತೀಯ. ಅವರ ಮನೆ ಮಹಡಿಯಲ್ಲಿ ನಿನಗೇನು ಕೆಲಸ?"

ಹೇಳಿದೆ. ಅವರು ಅಲ್ಲೇ ಫೋನು ಮಾಡಿದರು. ಸ್ಪೀಕರಿನಲ್ಲಿ ಮೈತ್ರಿಯ ದನಿ. ಆ ದಿನ ಯಾವ ಕೆಲಸದವಳೂ ನಮ್ಮ ಮನೆಗೆ ಬಂದಿಲ್ಲ, ಅವರನ್ನೆಲ್ಲ ನಾವು ಒಳಗೆ ಬಿಟ್ಕೊಳ್ಳೋದೇ ಇಲ್ಲ.

"ಕೇಳಿಸ್ತಾ?" ಅಂದರು.

ಅಲ್ಲಿಂದ ನೇರ ಆ ಮನೆ ಮುಂದೆ ಹೋಗಿ ನಿಂತೆ. ಶಂಕರಮ್ಮ ಬಾಲ್ಕನಿಯಲ್ಲಿ ಬಿಸಿಲಿಗೆ ಕೂತಿದ್ದಳು. ಕೂಗಿದೆ. "ಅಮ್ಮಾ, ನಿಮ್ಮನ್ನ ಹೊತ್ಕೊಂಡು ಮೇಲೆ ಹೋದೋಳು ಯಾರು? ಒಂದು ಸಲ ಹೇಳಿಬಿಡಿ."

ಅವಳು ಕಂಬಿ ಹಿಡಿದು ಬಗ್ಗಿದಳು. "ನೀನೇ ಕಣೆ. ನಾನೆಲ್ಲಿ ಇಲ್ಲ ಅಂದೆ?" ಅಂದಳು. ಒಳಗಿಂದ ಮಗನ ದನಿ ಕೇಳಿತು. ಅವಳು ಕುರ್ಚಿ ಹಿಡ್ಕೊಂಡು ಎದ್ದು, ಒಂದೊಂದೇ ಹೆಜ್ಜೆ ಇಟ್ಟು ಒಳಗೆ ಹೋದಳು. ಬಾಗಿಲು ಹಾಕಿಕೊಂಡಿತು. ಅವಳ ಮಾತು ಕೇಳಿಸಿಕೊಂಡದ್ದು ನಾನೊಬ್ಬಳೇ. ನನ್ನ ಮಾತಿಗೆ ಬೆಲೆಯಿಲ್ಲ. ನನ್ನ ಮೇಲೆ ಮಾತ್ರ ಕೇಸಾಯಿತು. ಪರಿಹಾರ ಹಂಚುವ ಕೆಲಸಕ್ಕೆ ಅಡ್ಡಿ.

ಮಳೆ ಮುಗಿದ ಮೇಲೆ ನಮ್ಮ ತಗ್ಗು ಅಪಾಯದ ಜಾಗ ಅಂದರು. ನಮ್ಮ ಪ್ರಾಣದ ಮೇಲೆ ಅವರಿಗೆ ಅಷ್ಟೊಂದು ಕಾಳಜಿ. ಪೊಲೀಸರನ್ನು ನಿಲ್ಲಿಸಿ, ಉಳಿದ ತಗಡು ಕಿತ್ತು, ನಮ್ಮನ್ನು ಲಾರಿಗೆ ಹತ್ತಿಸಿದರು. ಭದ್ರಾವತಿ ರಸ್ತೆಯಿಂದ ಒಳಗೆ, ಹಳೇ ಕಲ್ಲುಕ್ವಾರಿ ಪಕ್ಕ ಮೂರಂತಸ್ತಿನ ಬ್ಲಾಕುಗಳು. ನಮಗೆ ಮೇಲಿನದು. ಅದು ಶಿವಮೊಗ್ಗವೂ ಅಲ್ಲ, ಭದ್ರಾವತಿಯೂ ಅಲ್ಲ. ಕೆಲಸ ಒಂದೂರಲ್ಲಿ, ಶಾಲೆ ಒಂದೂರಲ್ಲಿ, ಆಸ್ಪತ್ರೆ ಎಲ್ಲೂ ಇಲ್ಲ. ಬಸ್ಸು ಬಂದರೆ ಬಂತು. ಪದ್ಮಮ್ಮ ಮೆಟ್ಟಿಲು ಹತ್ತಿ ಹೋದವಳು ಇಳಿದದ್ದು ಹೆಣವಾಗಿ. ಜ್ವರ ಅಂದರು. ಯಾವ ಜ್ವರ ಅಂತ ನೋಡೋಕೆ ಯಾರೂ ಬರಲಿಲ್ಲ.

ತಗ್ಗಿಗೆ ಮಣ್ಣು ತುಂಬಿಸಿ, ಕಾಲುವೆಯನ್ನು ಇನ್ನೂ ಹಿಂದಕ್ಕೆ ತಳ್ಳಿ, ಲೇಔಟಿನ ಎರಡನೇ ಹಂತ ಮಾಡಿದರು. ಅಪಾಯ ಹೋಯಿತು ಅಂತ ಕಾಣುತ್ತೆ. ಅದರ ಕಾಂಪೌಂಡಿಗೆ ಕಬ್ಬಿಣ ಬಗ್ಗಿಸೋ ಕೆಲಸ ವೇಲುಗೆ ಸಿಕ್ಕಿತು. ಅವ್ವ ಸತ್ತ ಜಾಗದಲ್ಲಿ ಕೂತು ಕಂಬಿ ಕಟ್ಟಿದ. ಅದನ್ನು ಅವನು ನನಗೆ ಹೇಳಲಿಲ್ಲ. ಬೇರೆಯವರು ಹೇಳಿದರು. ನಾವಿಬ್ಬರೂ ಈಗ ಅಡುಗೆ ಆಯ್ತಾ, ಊಟ ಮಾಡು, ಇಷ್ಟೇ ಮಾತಾಡೋದು.

ನಾನು ದಿನಾ ಬೆಳಿಗ್ಗೆ ಬಸ್ಸು ಹಿಡಿದು ಆಲ್ಕೊಳ ಸರ್ಕಲ್ಲಿಗೆ ಬರ್ತೀನಿ. ಕೂಲಿಯವರು ನಿಲ್ಲೋ ಕಡೆ ನಿಲ್ತೀನಿ. ಮೇಸ್ತ್ರಿಗಳು ಬಂದು ನೀನು ಬಾ, ನೀನು ಬಾ ಅಂತ ಕರೀತಾರೆ. ನನ್ನ ಹತ್ತಿರ ಬಂದಾಗ ಬೆರಳು ಮುಂದಕ್ಕೆ ಹೋಗುತ್ತೆ. ನನ್ನ ಜೊತೆ ಮೋಲ್ಡು ಹೊತ್ತ ಹೆಂಗಸರು ಸೆರಗು ಸರಿ ಮಾಡ್ಕೊಳ್ತಾ ಬೇರೆ ಕಡೆ ನೋಡ್ತಾರೆ. ಕ್ಷಮೆ ಕೇಳು, ಎಲ್ಲ ಸರಿಹೋಗುತ್ತೆ ಅಂತ ಒಬ್ಬಳು ಹೇಳಿದಳು. ಕೇಳಲ್ಲ. ಯಾವತ್ತಾದರೂ ಹೊಸ ಮೇಸ್ತ್ರಿ ಬಂದರೆ ಕೆಲಸ ಸಿಗುತ್ತೆ. ಇಲ್ಲದಿದ್ದರೆ ಇಲ್ಲ.

ಮೊನ್ನೆ ಹಾಗೆ ಎಲ್ಲರೂ ಹೋದ ಮೇಲೆ ನಿಂತಿದ್ದೆ. ರಾಯಚೂರು ಕಡೆಯ ಬಸ್ಸಿಂದ ಇಳಿದವರ ಹಾಗೆ ಕಾಣ್ತಿದ್ದ ಒಂದು ಸಂಸಾರ ಬಂತು. ಗಂಡ, ಹೆಂಡತಿ, ಸೊಂಟದಲ್ಲಿ ಕೂಸು, ತಲೆ ಮೇಲೆ ಗಂಟು. ಹೆಂಡತಿ ನನ್ನನ್ನೇ ಹುಡುಕಿಕೊಂಡು ಬಂದವಳ ಹಾಗೆ ನೇರ ಬಂದಳು.

"ಯಕ್ಕಾ, ಆ ಕಡಿ ಹೊಸಾ ಲೇಔಟಿನ ಹಿಂದ ಕಾಲುವಿ ಕಡೀಗೆ ಜಾಗ ಖಾಲಿ ಐತಂತ. ಮೇಸ್ತ್ರಿ ಹೇಳ್ಯಾನ. ಎಲ್ಲಿ ಬರ್ತೈತಿ?"

"ಅಲ್ಲಿ ಬೇಡ," ಅಂದೆ. "ಅದೂ ತಗ್ಗು. ಮಳೆಗಾಲದಲ್ಲಿ ಅವರು ನಿಮ್ಮ ಮೇಲೆ ನೀರು ಬಿಡ್ತಾರೆ."

ಅವಳು ಗಂಡನ ಮುಖ ನೋಡಿದಳು. ಅವನು ಗಂಟು ಇಳಿಸಲಿಲ್ಲ. ಅವಳು ಮತ್ತೆ ನನ್ನ ಮುಖ ನೋಡಿದಳು.

"ಹಂಗಾರ ಎಲ್ಲಿಗೆ ಹೋಗೂದ ಯಕ್ಕಾ?"

ಯೋಚನೆ ಮಾಡಿದೆ. ಗೋಪಾಳ, ವಿನೋಬನಗರ, ಆಲ್ಕೊಳ, ಭದ್ರಾವತಿ. ನಾನು ಇಟ್ಟಿಗೆ ಹೊತ್ತ ಬೀದಿಗಳನ್ನೆಲ್ಲ ನೆನೆದೆ. ಈ ಊರಿನಲ್ಲಿ ಇವರು ಚಾಪೆ ಹಾಸೋಕೆ ಒಂದು ಜಾಗ ನನಗೆ ಹೊಳೆಯಲಿಲ್ಲ.

ದಾರಿ ತೋರಿಸೋಕೆ ಜೊತೆಗೆ ನಡೆದೆ. ಕಾಲುವೆ ಪಕ್ಕ ಅವನು ಗೂಟ ಹೊಡೆದ. ಅವಳು ಕೂಸನ್ನು ಮಣ್ಣ ಮೇಲೆ ಕೂರಿಸಿ ನೀಲಿ ತಾರ್ಪಾಲು ಬಿಚ್ಚಿದಳು. ಗಾಳಿಗೆ ಅದು ಹಾರಿತು.

"ಈ ಮೂಲಿ ಒಂಚೂರು ಹಿಡಿ ಯಕ್ಕಾ," ಅಂದಳು.

ಹಿಡಿದೆ. ಅವಳು ಬಿಗಿಯಾಗಿ ಗಂಟು ಹಾಕಿದಳು.